ಎಂ ಅಂದರೆ ಮೋಕ್ಷಗುಂಡಂ, ಎಚ್ ಅಂದರೆ ಹೊಸೂರು

ಸರ್ ಎಂ.ವಿ. ಅಂತ ನಾವೆಲ್ಲ ಹೇಳುತ್ತೇವೆ. ಚಿಕ್ಕಬಳ್ಳಾಪುರದಲ್ಲಿ ಆ ಹೆಸರಿಲ್ಲದ ಬೋರ್ಡು ಹುಡುಕುವುದೇ ಕಷ್ಟ. ಆದರೆ ಆ 'ಎಂ' ಏನು ಅಂತ ಕೇಳಿದರೆ, ಅರ್ಧ ಜನ ಮುದ್ದೇನಹಳ್ಳಿಯ 'ಮು' ಇರಬೇಕು ಅನ್ನುತ್ತಾರೆ. ಅಲ್ಲ. ಅದು ಮೋಕ್ಷಗುಂಡಂ. ಅದೂ ಒಂದು ಊರೇ. ನಮ್ಮ ತಾಲ್ಲೂಕಿನದಲ್ಲ, ನಮ್ಮ ರಾಜ್ಯದ್ದೂ ಅಲ್ಲ. ಆಂಧ್ರದ ಗಿದ್ದಲೂರಿನ ಕಡೆ ಇರುವ ಹಳ್ಳಿ ಅದು. ವಿಶ್ವೇಶ್ವರಯ್ಯನವರ ಹಿರಿಯರು ಎಷ್ಟೋ ತಲೆಮಾರುಗಳ ಹಿಂದೆ ಅಲ್ಲಿಂದ ಹೊರಟು ಈ ಕಡೆ ಬಂದು ನೆಲೆಸಿದರು. ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ.

ತೆಲುಗಿನಲ್ಲಿ ಇದಕ್ಕೆ 'ಇಂಟಿ ಪೇರು' ಅನ್ನುತ್ತಾರೆ. ಮನೆಯ ಹೆಸರು ಅಂತ ಅರ್ಥ. ಅದು ಸ್ವಂತ ಹೆಸರಿನ ಹಿಂದೆ ಬರುವುದಿಲ್ಲ, ಮುಂದೆ ನಿಲ್ಲುತ್ತದೆ. ಹಳೇ ಮೈಸೂರಿನ ಕನ್ನಡದವರಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಮೊದಲು ಊರು, ಆಮೇಲೆ ಅಪ್ಪನ ಹೆಸರು, ಕೊನೆಗೆ ತನ್ನ ಹೆಸರು. ಯಾರಾದರೂ ಹೆಸರು ಕೇಳಿದರೆ ಊರನ್ನೂ ಹೇಳಿದಂತಾಯಿತು. 'ನಾನು ಇಂಥ ಊರಿನವನು, ಇಂಥವರ ಮಗ' ಅನ್ನುವ ಪೂರಾ ಪರಿಚಯ ಎರಡು ಅಕ್ಷರದಲ್ಲಿ ಮುಗಿಯುತ್ತಿತ್ತು.

ನಮ್ಮ ಜಿಲ್ಲೆಯ ಹುಡುಗ, ಹುಡುಗಿಯರು ಇವತ್ತು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ದಿನ ತಮ್ಮ ಪರಿಚಯ ಹೇಗೆ ಹೇಳಿಕೊಳ್ಳುತ್ತಾರೆ ಅನ್ನುವುದನ್ನು ಗಮನಿಸುವಾಗಲೆಲ್ಲ ನನಗೆ ಈ ಇನಿಷಿಯಲ್ ನೆನಪಾಗುತ್ತದೆ. ಅದಕ್ಕೆ ಮುಂಚೆ, ಇಲ್ಲಿಂದ ಹೊರಟ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಎಲ್ಲರಿಗೂ ಹೆಸರು ಗೊತ್ತಿರುವ ಆ ಒಬ್ಬರ ಕಥೆ ನೋಡೋಣ. ದಿವಾನರದ್ದಲ್ಲ, ವಿದ್ಯಾರ್ಥಿಯದ್ದು.

ನಂದಿ ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ್ದು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಮನೆಮಾತು ತೆಲುಗು. ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ಓದಬೇಕಾದರೆ ಬೆಂಗಳೂರಿಗೇ ಹೋಗಬೇಕು. ಅಲ್ಲಿ ಸೋದರಮಾವ ರಾಮಯ್ಯನವರ ಆಸರೆ ಸಿಕ್ಕಿತು. ಆದರೆ ಆ ಮನೆಯಲ್ಲೂ ದುಡ್ಡು ಹರಿದಾಡುತ್ತಿರಲಿಲ್ಲ. ಹಾಗಾಗಿ ಹುಡುಗ ಒಂದು ಕೊಡಗಿನ ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ತನ್ನ ಖರ್ಚು ನೋಡಿಕೊಂಡ. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1880ರ ಆಸುಪಾಸಿನಲ್ಲಿ. ಇವತ್ತು ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು, ಸಂಜೆ ಟ್ಯೂಷನ್ ಮಾಡಿಯೋ ಊಟ ಡೆಲಿವರಿ ಮಾಡಿಯೋ ಬಾಡಿಗೆ ಕಟ್ಟುವ ನಮ್ಮ ಕಡೆಯ ಹುಡುಗರಿಗೆ ಇದು ಹೊಸ ಕಥೆ ಅನ್ನಿಸಲಾರದು.

ಬಿ.ಎ. ಆದ ಮೇಲೆ ಇಂಜಿನಿಯರಿಂಗ್ ಓದಲು ಇಡೀ ಮೈಸೂರು ಸೀಮೆಯಲ್ಲಿ ಒಂದು ಕಾಲೇಜಿರಲಿಲ್ಲ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪೂನಾದ ಕಾಲೇಜ್ ಆಫ್ ಸೈನ್ಸಿಗೆ ಹೋಗುವುದು ಸಾಧ್ಯವಾಯಿತು. ಆಗ ಹುಬ್ಬಳ್ಳಿ ಮೇಲೆ ಪೂನಾಕ್ಕೆ ಹೋಗುವ ರೈಲು ಹಳಿ ಇನ್ನೂ ಬಿದ್ದಿರಲಿಲ್ಲ. ಅಲ್ಲಿ ಭಾಷೆ ಮರಾಠಿ, ಪಾಠ ಇಂಗ್ಲಿಷು. 1883ರಲ್ಲಿ ಎಲ್.ಸಿ.ಇ., ಎಫ್.ಸಿ.ಇ. ಅನ್ನುವ ಪರೀಕ್ಷೆಗಳಲ್ಲಿ ಮೊದಲ ಸ್ಥಾನ ಬಂತು. ಅವು ಈಗಿನ ಬಿ.ಇ.ಗೆ ಸಮ ಅಂತಿಟ್ಟುಕೊಳ್ಳಿ. ಜೇಮ್ಸ್ ಬರ್ಕ್ಲಿ ಬಹುಮಾನವೂ ಸಿಕ್ಕಿತು. ಮುಂದಿನ ವರ್ಷವೇ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಕೆಲಸ. ಮೈಸೂರಿನ ದುಡ್ಡಲ್ಲಿ ಓದಿದ ಹುಡುಗ ಬೊಂಬಾಯಿಗೆ ಸೇರಿಕೊಂಡ. ಮುಂದಿನ ಸುಮಾರು 25 ವರ್ಷದ ಕೆಲಸವೆಲ್ಲ ಹೊರಗೇ. ಪೂನಾ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನಾಗಿ ತೆರೆದುಕೊಳ್ಳುವ ಗೇಟು ಹಾಕಿದ್ದು ಆ ಅವಧಿಯಲ್ಲೇ.

'ಓದಿದ ಮಕ್ಕಳು ಊರಿಗೆ ಬರಲ್ಲ' ಅಂತ ನಮ್ಮ ಅರಳಿಕಟ್ಟೆಗಳಲ್ಲಿ ದೂರುತ್ತೇವಲ್ಲ, ಅದು ನಿನ್ನೆ ಮೊನ್ನೆಯ ವಿಷಯವಲ್ಲ ಅಂತ ಹೇಳಲು ಇಷ್ಟು ಬರೆದೆ.

ಮೈಸೂರಿಗೆ ಅವರು ಮರಳಿದ್ದು 1909ರಲ್ಲಿ, ಮುಖ್ಯ ಇಂಜಿನಿಯರ್ ಆಗಿ. 1912ರಿಂದ 1918ರ ವರೆಗೆ ದಿವಾನರು. ಕನ್ನಂಬಾಡಿ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಇವೆಲ್ಲ ಎಲ್ಲ ಪಾಠಪುಸ್ತಕದಲ್ಲೂ ಇವೆ. ನನಗೆ ಇವುಗಳಲ್ಲಿ ದೊಡ್ಡದಾಗಿ ಕಾಣುವುದು 1917ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು. ಈಗ ಅದನ್ನೇ ಯುವಿಸಿಇ ಅನ್ನುತ್ತೇವೆ. ತಾನು ಪೂನಾಕ್ಕೆ ಹೋಗಬೇಕಾಯಿತು, ಮುಂದಿನವರು ಹೋಗುವುದು ಬೇಡ ಅಂತ ಅವರು ಬಾಯಿಬಿಟ್ಟು ಹೇಳಿದರೋ ಇಲ್ಲವೋ, ಆದದ್ದು ಮಾತ್ರ ಅದೇ. ನಮ್ಮ ಕಡೆಗೆ ಸಣ್ಣ ಗೇಜಿನ ರೈಲು ಬಂದದ್ದೂ ಆ 1910ರ ದಶಕದಲ್ಲೇ. ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರಕ್ಕೆ ಬರುವ ಪುಟ್ಟ ರೈಲು. ಆ ದಾರಿಗೆ ದೊಡ್ಡ ಗೇಜು ಪೂರ್ತಿಯಾಗಲು 2013 ಬರಬೇಕಾಯಿತು.

ಸರಿ, ನೀರು?

ಇದು ನಮ್ಮ ಜಿಲ್ಲೆಯ ಯಾವ ಟೀ ಅಂಗಡಿಯಲ್ಲಾದರೂ ಏಳುವ ಪ್ರಶ್ನೆ. ಮಂಡ್ಯಕ್ಕೆ ಕನ್ನಂಬಾಡಿ ಕೊಟ್ಟ ಮನುಷ್ಯ ಹುಟ್ಟಿದ ಊರಿಗೆ ಏನು ಕೊಟ್ಟರು? ಕೇಳುವವರ ದನಿಯಲ್ಲಿ ಸ್ವಲ್ಪ ಕೋಪವೂ ಇರುತ್ತದೆ. ಉತ್ತರದ ಅರ್ಧ ಭಾಗ ಎಲ್ಲರಿಗೂ ಗೊತ್ತು: ಕಟ್ಟೆ ಕಟ್ಟಲು ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ, ಇಷ್ಟೂ ಹುಟ್ಟುವುದು ನಂದಿ ಬೆಟ್ಟದ ಸಾಲಿನಲ್ಲಿ, ಅದರ ಆಸುಪಾಸಿನಲ್ಲಿ. ಆದರೆ ಹುಟ್ಟಿದ ಹೊಳೆಗಳು ಇಲ್ಲಿ ನಿಲ್ಲುವುದಿಲ್ಲ. ಮಳೆ ಬಂದಾಗ ಹರಿದು ಆಂಧ್ರಕ್ಕೋ ತಮಿಳುನಾಡಿಗೋ ಹೋಗುತ್ತವೆ.

ಉತ್ತರದ ಇನ್ನರ್ಧ ಕಾಗದದಲ್ಲಿದೆ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಪಟ್ಟಿಯಲ್ಲಿ ಹೆಸರಿಸಿದ ನದಿಗಳಿಗೆ ಅಡ್ಡಲಾಗಿ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಮೊದಲೇ ಪಡೆಯಬೇಕು ಅನ್ನುವುದು ಅದರ ಮುಖ್ಯ ಮಾತು. ಕಾವೇರಿ ಜಗಳದಲ್ಲಿ ಈ ಒಪ್ಪಂದದ ಹೆಸರು ನೀವು ಕೇಳಿರುತ್ತೀರಿ. ಆದರೆ ಆ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆಗಳ ಜೊತೆ ನಮ್ಮ ಎರಡೂ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಇದ್ದವು ಅಂತ ಎಷ್ಟು ಜನಕ್ಕೆ ಗೊತ್ತು? ಕೋಲಾರದ ಕಡೆಯ ಪಾಲಾರ್ ಕೂಡ ಇತ್ತು. ಮಳೆಗಾಲ ಮುಗಿದರೆ ಮರಳು ಮಾತ್ರ ಉಳಿಯುವ ಹೊಳೆಗಳಿಗೂ ಬೇಲಿ ಬಿದ್ದಿತ್ತು. ಒಪ್ಪಂದಕ್ಕೆ ಸಹಿ ಬಿದ್ದಾಗ ವಿಶ್ವೇಶ್ವರಯ್ಯ ಬೊಂಬಾಯಿ ಸರ್ಕಾರದ ನೌಕರರು. ಕಾವೇರಿಯ ಮಟ್ಟಿಗೆ ಮೈಸೂರು ಮದರಾಸಿನ ಜೊತೆ ವರ್ಷಗಟ್ಟಲೆ ಗುದ್ದಾಡಿತು, 1924ರ ಒಪ್ಪಂದದ ತನಕ. ಈ ಸಣ್ಣ ಹೊಳೆಗಳಿಗಾಗಿ ಅಷ್ಟು ದೊಡ್ಡ ಗುದ್ದಾಟ ನಡೆಯಲಿಲ್ಲ. ಇಲ್ಲಿ ರೈತ ನಂಬಿದ್ದು ಹಿಂದಿನವರು ಕಟ್ಟಿಸಿದ ಕೆರೆಗಳನ್ನು, ಆಮೇಲೆ ತೆರೆದ ಬಾವಿಗಳನ್ನು, ಅವೂ ಬತ್ತಿದ ಮೇಲೆ ಸಾವಿರ ಅಡಿ ದಾಟಿದ ಕೊಳವೆ ಬಾವಿಗಳನ್ನು.

ಆದ್ದರಿಂದ 'ಊರಿಗೆ ಏನೂ ಮಾಡಲಿಲ್ಲ' ಅನ್ನುವ ದೂರು ನನಗೆ ಪೂರ್ತಿ ಸರಿ ಅನ್ನಿಸುವುದಿಲ್ಲ. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡವರನ್ನು ಮುದ್ದೇನಹಳ್ಳಿಗೇ ತಂದರು. ಸಮಾಧಿ ಅಲ್ಲಿದೆ, ಹುಟ್ಟಿದ ಮನೆ ಸ್ಮಾರಕವಾಗಿದೆ. ಹೆಸರಿನಲ್ಲಿ ಮಾತ್ರ ಕೊನೆತನಕ ನಿಂತದ್ದು ಮೋಕ್ಷಗುಂಡಂ.

ಎರಡನೇ ಅಕ್ಷರ 'ಎಚ್'. ಇವರು ಇಂಜಿನಿಯರ್ ಅಲ್ಲ, ಭೌತಶಾಸ್ತ್ರದ ಮೇಷ್ಟ್ರು. ಆದರೆ ನಮ್ಮ ಕಡೆಯ ಎಷ್ಟೋ ಮಕ್ಕಳು ಇಂಜಿನಿಯರ್ ಆಗುವ ದಾರಿಗೆ ಇವರು ಕಲ್ಲು ಹಾಸಿದ್ದಾರೆ. ಎಚ್. ನರಸಿಂಹಯ್ಯ, ಅಂದರೆ ಹೊಸೂರು ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಹುಟ್ಟಿದವರು. ಬಡ ಮನೆ. ತಂದೆ ಊರಿನಲ್ಲಿ ಕೂಲಿಮಠ ನಡೆಸುತ್ತಿದ್ದರು, ತಾಯಿ ಕೂಲಿಗೆ ಹೋಗುತ್ತಿದ್ದರು. ಕೂಲಿಮಠ ಅಂದರೆ ಈಗಿನ ಓದುಗರಿಗೆ ಗೊತ್ತಾಗಲಿಕ್ಕಿಲ್ಲ: ಸರ್ಕಾರಿ ಶಾಲೆಯಲ್ಲ, ಊರವರು ಕೊಟ್ಟ ಕಾಳುಕಡ್ಡಿ, ಚಿಲ್ಲರೆ ಕಾಸಿನ ಮೇಲೆ ಮೇಷ್ಟ್ರು ನಡೆಸುವ ಮಠ.

ಗೌರಿಬಿದನೂರಿನಲ್ಲಿ ಮಿಡ್ಲ್ ಸ್ಕೂಲು ಮುಗಿಯಿತು. ಹೈಸ್ಕೂಲಿಗೆ ಬೆಂಗಳೂರು. ಗೌರಿಬಿದನೂರಿಗೆ ಆಗಲೇ ರೈಲಿತ್ತು, ಸ್ಟೇಷನ್ನಿತ್ತು. ಟಿಕೆಟ್ಟಿಗೆ ದುಡ್ಡಿರಲಿಲ್ಲ. 1935ರಲ್ಲಿ ಹುಡುಗ ನಡೆದುಕೊಂಡೇ ಹೊರಟ. ಎಂಬತ್ತು ಕಿಲೋಮೀಟರಿನ ಆಸುಪಾಸು, ಎರಡು ದಿನದ ನಡಿಗೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಳಿದುಕೊಂಡು ಓದಿದ. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇದೇ ಹಳ್ಳಿ ಹುಡುಗ. ಮನೆಯಲ್ಲಿ ತೆಲುಗು, ಮಠದಲ್ಲಿ ಕನ್ನಡ, ಈಗ ಹಿಂದಿ, ಮುಂದೆ ಇಂಗ್ಲಿಷು. ಗಡಿನಾಡಿನ ಮಕ್ಕಳ ನಾಲಿಗೆ ಹೀಗೇ ಪಳಗುವುದು. ಚಿಂತಾಮಣಿ ಪಕ್ಕದ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿ ಹಾಡಿದ ಸೀಮೆಯಲ್ಲವೇ ಇದು.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಓದು ಬಿಟ್ಟು ಧುಮುಕಿ ಜೈಲಿಗೂ ಹೋದರು. ಹೊರಬಂದು ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಅಮೆರಿಕಾದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಪಡೆದು, ವಾಪಸ್ ಬಂದರು. ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. 1972ರಿಂದ 1977ರ ವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ. ಮದುವೆಯಾಗಲಿಲ್ಲ, ಖಾದಿ ಬಿಡಲಿಲ್ಲ, ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. 2005ರ ಜನವರಿ 31ರಂದು ತೀರಿಕೊಂಡರು.

ನನಗೆ ಮುಖ್ಯ ಅನ್ನಿಸುವುದು ಈ ಪದವಿಗಳಲ್ಲ. ಬಸವನಗುಡಿಯ ಆ ಸಂಸ್ಥೆಯನ್ನು ಅವರು ಊರಿನ ಕಡೆಗೆ ಎಳೆದುಕೊಂಡು ಬಂದರು. ಹೊಸೂರಿಗೆ ನ್ಯಾಷನಲ್ ಹೈಸ್ಕೂಲು, ಗೌರಿಬಿದನೂರಿಗೆ ನ್ಯಾಷನಲ್ ಕಾಲೇಜು, ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು. ತಾನು ಎರಡು ದಿನ ನಡೆದದ್ದನ್ನು ಮುಂದಿನ ಮಕ್ಕಳು ನಡೆಯಬಾರದು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಕೆಲಸ ಯಾವುದಿದೆ? ವಿಶ್ವೇಶ್ವರಯ್ಯ ಇಡೀ ಸಂಸ್ಥಾನಕ್ಕೆ ಒಂದು ಕಾಲೇಜು ಕೊಟ್ಟರು, ನರಸಿಂಹಯ್ಯ ತಮ್ಮ ತಾಲ್ಲೂಕಿಗೆ, ಪಕ್ಕದ ತಾಲ್ಲೂಕಿಗೆ ಕೊಟ್ಟರು. ಯಾವುದು ದೊಡ್ಡದು ಅಂತ ತೂಗುವುದು ಬೇಡ. ಎರಡನೆಯದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಮೂರನೇ ಅಕ್ಷರ 'ಸಿ'. ಭಾರತರತ್ನ ಸಿ.ಎನ್.ಆರ್. ರಾವ್ ಅವರ ಪೂರ್ತಿ ಹೆಸರು ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಹುಟ್ಟಿದ್ದು ಬೆಂಗಳೂರಿನಲ್ಲಿ, 1934ರಲ್ಲಿ. ಆದರೂ ಹೆಸರಿನ ತಲೆಯ ಮೇಲೆ ಚಿಂತಾಮಣಿ ಕೂತಿದೆ. ಜಗತ್ತಿನ ರಸಾಯನಶಾಸ್ತ್ರದ ಪತ್ರಿಕೆಗಳಲ್ಲಿ ಸಾವಿರಕ್ಕೂ ಹೆಚ್ಚು ಸಲ ನಮ್ಮ ಒಂದು ತಾಲ್ಲೂಕು ಕೇಂದ್ರ ಬರೀ 'ಸಿ' ಅನ್ನುವ ವೇಷದಲ್ಲಿ ಅಚ್ಚಾಗಿದೆ. ಚಿಂತಾಮಣಿಯ ಎಷ್ಟು ಕಾಲೇಜು ಹುಡುಗರಿಗೆ ಇದು ಗೊತ್ತು ಅಂತ ಒಮ್ಮೆ ಕೇಳಿ ನೋಡಿ.

ಈಗ ನಮ್ಮ ಕಾಲಕ್ಕೆ ಬರೋಣ. 1986ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಎಸ್‌ಜೆಸಿಐಟಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಮುದ್ದೇನಹಳ್ಳಿಯ ಹುಡುಗ ಪೂನಾದಲ್ಲಿ ಪಾಸಾಗಿ 103 ವರ್ಷವಾದ ಮೇಲೆ. 1998ರಲ್ಲಿ ಅವರದ್ದೇ ಹೆಸರಿನ ತಾಂತ್ರಿಕ ವಿಶ್ವವಿದ್ಯಾನಿಲಯ ಬೆಳಗಾವಿಯಲ್ಲಿ ಆಯಿತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಈಗ ನಮ್ಮ ಹಳ್ಳಿಗಳಲ್ಲಿ ಬಿ.ಇ. ಓದುವ ಮಗನೋ ಮಗಳೋ ಇಲ್ಲದ ಬೀದಿ ಅಪರೂಪ.

ಫೀಸು ಎಲ್ಲಿಂದ ಬರುತ್ತದೆ ಅಂತ ಶಿಡ್ಲಘಟ್ಟದ ಕಡೆ ಕೇಳಿದರೆ ಹಿಪ್ಪುನೇರಳೆ ತೋಟ ತೋರಿಸುತ್ತಾರೆ. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಸೊಪ್ಪು ಹಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ತಂದರೆ ಅವತ್ತಿನ ರೇಟಿನ ಮೇಲೆ ಸೆಮಿಸ್ಟರ್ ಫೀಸು ನಿಂತಿರುತ್ತದೆ. ರೇಟು ಬಿದ್ದ ವಾರ ಅಪ್ಪ ಮಗನಿಗೆ ಫೋನು ಮಾಡುವುದಿಲ್ಲ. ಮಗನೇ ಅರ್ಥ ಮಾಡಿಕೊಳ್ಳುತ್ತಾನೆ.

ಆ ಮಗ ಅಥವಾ ಮಗಳು ಕಾಲೇಜಿನಲ್ಲಿ 'ಯಾವೂರು?' ಅಂತ ಕೇಳಿದರೆ ಏನನ್ನುತ್ತಾರೆ? 'ಬೆಂಗಳೂರು ಹತ್ತಿರ.' ಇನ್ನೂ ಕೆದಕಿದರೆ, 'ನಂದಿ ಹಿಲ್ಸ್ ಸೈಡ್.' ದೂರದ ಊರಿನವರಿಗೆ ಅರ್ಥವಾಗಲಿ ಅಂತ ಹಾಗೆ ಹೇಳುವುದು ಸಹಜ, ಒಪ್ಪುತ್ತೇನೆ. ಆದರೆ ಅಪ್ಪನಿಗೆ ಫೋನಿನಲ್ಲಿ ತೆಲುಗಿನಲ್ಲಿ ಮಾತಾಡಬೇಕಾದರೆ ಹಾಸ್ಟೆಲಿನ ಮೂಲೆಗೆ ಹೋಗುವುದನ್ನೂ ನೋಡಿದ್ದೇನೆ. ಬೆಂಗಳೂರಿಗೆ 60, 70 ಕಿಲೋಮೀಟರ್ ದೂರದಲ್ಲಿ ಇರುವುದೇ ನಮ್ಮ ತೊಂದರೆ. ಇನ್ನೂ ದೂರವಿದ್ದಿದ್ದರೆ ಊರಿನ ಹೆಸರು ಹೇಳಲೇಬೇಕಾಗುತ್ತಿತ್ತು.

ಹೆಸರಿನಲ್ಲಾದರೂ ಊರು ಉಳಿಯಿತೇ ಅಂದರೆ, ಅದೂ ಇಲ್ಲ. ನಮ್ಮ ಇನಿಷಿಯಲ್‌ನಲ್ಲಿ ಈಗ ಹೆಚ್ಚಾಗಿ ಅಪ್ಪನ ಹೆಸರು ಮಾತ್ರ. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಅದೂ ಬದಲಾಗುತ್ತದೆ. ಒಂದನೇ ಕ್ಲಾಸಿಗೆ ಸೇರಿಸುವ ದಿನ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಬರೆದದ್ದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಇಂಜಿನಿಯರಿಂಗ್ ಸೀಟಿನ ಅರ್ಜಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ. ಕಂಪನಿಗಳ ಆನ್‌ಲೈನ್ ಅರ್ಜಿಯಲ್ಲಿ 'ಲಾಸ್ಟ್ ನೇಮ್' ಖಾಲಿ ಬಿಡುವ ಹಾಗಿಲ್ಲ. ಪಾಪ, ಇನಿಷಿಯಲ್ಲನ್ನೇ ಅಲ್ಲಿಗೆ ತುರುಕುತ್ತಾರೆ. ಆಮೇಲೆ 'ಡಿಯರ್ ಆರ್' ಅಂತ ಇಮೇಲ್ ಬರುತ್ತದೆ. ಅಪ್ಪನ ಹೆಸರಿನ ಒಂದು ಅಕ್ಷರವೇ ಮನುಷ್ಯನಾಗಿ ಬಿಡುತ್ತದೆ. ಮೋಕ್ಷಗುಂಡಂ ಅನ್ನುವ ಹೆಸರು ಎಷ್ಟೋ ತಲೆಮಾರು ಉಳಿದದ್ದು, ನಮ್ಮ ಹಳ್ಳಿಗಳ ಹೆಸರು ಒಂದೇ ತಲೆಮಾರಿನಲ್ಲಿ ಅಳಿಸಿಹೋಗುತ್ತಿರುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹೇಳಿಕೊಳ್ಳಲು ವಿಷಯ ಇಲ್ಲವೆಂದಲ್ಲ. ಗೌರಿಬಿದನೂರಿನವರನ್ನೇ ತೆಗೆದುಕೊಳ್ಳಿ. ಹಿರಿಯರಾದರೆ ವಿದುರಾಶ್ವತ್ಥ ಅನ್ನುತ್ತಾರೆ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಜನರ ಮೇಲೆ ಗೋಲಿಬಾರ್ ಆದ ಜಾಗ. ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಗೆ ಹೇಳಿಕೊಳ್ಳಲು ಇನ್ನೂ ಎರಡಿವೆ. 1965ರಿಂದ ಅಲ್ಲಿ ಬಾಬಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲಿದೆ. ದೂರದ ದೇಶಗಳು ನೆಲದಡಿ ಅಣುಬಾಂಬು ಪರೀಕ್ಷೆ ಮಾಡಿದರೆ ಆ ನಡುಕವನ್ನೂ ಹಿಡಿಯಬಲ್ಲದು. 1976ರಿಂದ ರೇಡಿಯೋ ದೂರದರ್ಶಕವಿದೆ, ಇಂಗ್ಲಿಷಿನ 'ಟಿ' ಆಕಾರದಲ್ಲಿ ಸಾವಿರ ಆಂಟೆನಾಗಳ ಸಾಲು. ಆಕಾಶದ ಸಣ್ಣ ಸದ್ದು ಕೇಳಲು ಗದ್ದಲವಿಲ್ಲದ ಜಾಗ ಬೇಕು. ನಮ್ಮ ಹಿಂದುಳಿದ ತಾಲ್ಲೂಕು ವಿಜ್ಞಾನಿಗಳಿಗೆ ಬೇಕಾದದ್ದು ಅದರ ಮೌನಕ್ಕಾಗಿ.

ಇನ್ನು ನೀರಿನ ಮಾತು. ನಮ್ಮ ಹಿರಿಯರು 'ಎಚ್ಚೆನ್' ಅಂದರೆ ನರಸಿಂಹಯ್ಯನವರು. ಇವತ್ತಿನ ಹುಡುಗರಿಗೆ 'ಎಚ್.ಎನ್.' ಅಂದರೆ ಹೆಬ್ಬಾಳ–ನಾಗವಾರ ವ್ಯಾಲಿ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಆ ನೀರು ಬಂದಿದೆ. ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಬೆಂಗಳೂರು ಬಳಸಿದ ನೀರು ಇಲ್ಲಿಗೆ ಬರುತ್ತದೆ. ಬತ್ತಿದ ಬೋರುಗಳಲ್ಲಿ ನೀರು ಮೇಲೆ ಬಂತು ಅಂತ ಸಂತೋಷಪಡುವ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡದೆ ಬಿಡಬೇಡಿ ಅಂತ ವರ್ಷಗಳಿಂದ ಹೋರಾಡುವವರೂ ಇದ್ದಾರೆ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿ ಬೇಕು ಅಂತ ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿಗೆ ಹೊರಟವರು ಇದೇ ಎರಡು ಜಿಲ್ಲೆಯ ರೈತರು. ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು.

ಕೆರೆಗೆ ಬಿದ್ದ ನೀರಿನಲ್ಲಿ ಏನಿದೆ, ಅದು ಇಂಗಿ ಯಾವ ಬೋರಿಗೆ ಹೋಗುತ್ತಿದೆ, ಆ ನೀರು ಕುಡಿದ ಹಿಪ್ಪುನೇರಳೆ ಸೊಪ್ಪು ಹುಳುವಿಗೆ ಹೇಗಿದೆ, ಇವೆಲ್ಲ ಅಳೆದು ಹೇಳಬೇಕಾದ ಲೆಕ್ಕಗಳು. ಸಿವಿಲ್, ಕೆಮಿಕಲ್, ಎನ್ವಿರಾನ್‌ಮೆಂಟಲ್ ಓದುವ ನಮ್ಮ ಮಕ್ಕಳಿಗೆ ಕೊನೇ ವರ್ಷದಲ್ಲಿ ಒಂದು ಪ್ರಾಜೆಕ್ಟ್ ಇರುತ್ತದೆ. ಅದನ್ನು ಬೆಂಗಳೂರಿನ ಅಂಗಡಿಯಲ್ಲಿ ರೆಡಿಮೇಡ್ ತರುವವರೂ ಇದ್ದಾರೆ. ಕಂದವಾರ ಕೆರೆ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ.